ಅಪ್ಪ ಬಿಟ್ಟುಹೋದ ಏಳು ದಿನ

ಮನೆಯ ಹಿರಿಯರು ತೀರಿಕೊಂಡ ಮೇಲೆ ಬೀರು ತೆಗೆದು ಕಾಗದಪತ್ರ ಜೋಡಿಸುವ ಕೆಲಸ ಮಕ್ಕಳ ಪಾಲಿಗೆ ಬರುತ್ತೆ. ಎಲ್‌ಐಸಿ ಬಾಂಡು, ಎಫ್‌ಡಿ ರಸೀದಿ, ಸೈಟಿನ ಖಾತೆ, ಇವೆಲ್ಲ ಏನು ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ. 1990ರ ದಶಕದಲ್ಲಿ ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಸಂಬಳದ ಕೆಲಸದಲ್ಲಿದ್ದವರ ಬೀರುವಿನಲ್ಲಿ ಇನ್ನೊಂದು ಫೈಲೂ ಸಿಗಬಹುದು. ಹೊದಿಕೆ ಮೇಲೆ ಬೆಟ್ಟ, ಮಂಜು, ಕೆರೆ. ಒಳಗೊಂದು ಸರ್ಟಿಫಿಕೇಟು. ಇಂಥ ರೆಸಾರ್ಟಿನಲ್ಲಿ, ಇಂಥ ಸೀಸನ್ನಿನಲ್ಲಿ, ವರ್ಷಕ್ಕೆ ಏಳು ದಿನ ನಿಮ್ಮದು ಅಂತ ಅದರ ತಾತ್ಪರ್ಯ. ಅದೇ ಟೈಮ್‌ಶೇರ್.

ಫೈಲು ಸಿಕ್ಕಿದ ಹಿಂದೆಯೇ ಅದರ ವಾರ್ಷಿಕ ನಿರ್ವಹಣಾ ಶುಲ್ಕದ ಬಿಲ್ಲೂ ಬರುತ್ತೆ. ಅಲ್ಲಿಂದ ಮನೆಯಲ್ಲಿ ಚರ್ಚೆ ಶುರು. "ಅಪ್ಪ ಆಸೆಪಟ್ಟು ತಗೊಂಡಿದ್ದು, ಇರ್ಲಿ ಬಿಡು" ಅಂತ ಅಕ್ಕ. "ಬಾಡಿಗೆಗೆ ಬಿಟ್ರೆ ನಾಕು ಕಾಸು ಬರುತ್ತಲ್ಲ" ಅಂತ ತಮ್ಮ. "ಮಾರಿ ಕೈ ತೊಳ್ಕೊಳ್ಳಿ" ಅಂತ ಭಾವ. ಮೂವರೂ ಅದನ್ನು ಆಸ್ತಿ ಅಂತಲೇ ಭಾವಿಸಿ ಮಾತಾಡ್ತಿದ್ದಾರೆ. ಅದು ಎಂಥ ಆಸ್ತಿ ಅಂತ ತಿಳಿಯಬೇಕಾದರೆ ಹುಟ್ಟಿದ ಕಡೆಯಿಂದ ನೋಡಬೇಕು.

ಒಂದೇ ವಸ್ತುವನ್ನು ಹಲವರು ಸರದಿಯ ಮೇಲೆ ಅನುಭವಿಸುವುದು ನಮಗೆ ಹೊಸದಲ್ಲ. ಉಡುಪಿಯ ಪರ್ಯಾಯವನ್ನೇ ನೋಡಿ. ಮಧ್ವಾಚಾರ್ಯರ ಏರ್ಪಾಟಿನಲ್ಲಿ ಎಂಟು ಮಠಗಳಿಗೆ ಎರಡೆರಡು ತಿಂಗಳ ಸರದಿ ಇತ್ತು. 16ನೇ ಶತಮಾನದಲ್ಲಿ ವಾದಿರಾಜರು ಅದನ್ನು ಎರಡು ವರ್ಷಕ್ಕೆ ವಿಸ್ತರಿಸಿದರು. ಸರದಿ ಬರುವ ಮುಂಚೆಯೇ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಆಗುತ್ತವೆ. ಅಂದರೆ ಪೂಜೆಯ ಅಧಿಕಾರ ಕೈಗೆ ಬರುವ ಮೊದಲೇ ಬಂದವರಿಗೆ ಊಟ ಹಾಕುವ ಭಾರಕ್ಕೆ ತಯಾರಿ ಆಗಿರುತ್ತೆ. ದೇವಸ್ಥಾನಗಳ ಅರ್ಚಕ ಕುಟುಂಬಗಳಲ್ಲೂ ಅಷ್ಟೇ. ಪೂಜೆಯ ಪಾಳಿ ತಂದೆಯಿಂದ ಮಕ್ಕಳಿಗೆ ಬರುತ್ತೆ, ಅಣ್ಣತಮ್ಮಂದಿರಲ್ಲಿ ಹಂಚಿಹೋಗುತ್ತೆ. ಕಾಳಿಘಾಟದ ದೇವಾಲಯದ ಇಂಥ ಪಾಳಿಗಳು ಆಸ್ತಿಯಂತೆ ಉತ್ತರಾಧಿಕಾರಕ್ಕೆ ಬರುತ್ತವೆ ಎಂಬ ವಿಚಾರ 20ನೇ ಶತಮಾನದ ಆರಂಭದಲ್ಲೇ ಕಲ್ಕತ್ತ ಹೈಕೋರ್ಟಿನವರೆಗೆ ಹೋಗಿತ್ತು. ಇಲ್ಲೆಲ್ಲ ಹಕ್ಕೂ ಭಾರವೂ ಜೊತೆಗೇ ಬರುತ್ತವೆ, ಇಬ್ಬರಿಗೂ ಕಾಣುವಂತೆ. ಟೈಮ್‌ಶೇರೂ ಸರದಿಯೇ. ಮಾರುವಾಗ ಹಕ್ಕಿನ ಚಿತ್ರ ಹೊದಿಕೆ ಮೇಲೆ ಬಂತು, ಭಾರದ ವಿವರ ಒಳಪುಟದ ಸಣ್ಣ ಅಕ್ಷರಕ್ಕೆ ಹೋಯಿತು. ವ್ಯತ್ಯಾಸ ಇರುವುದು ಅಲ್ಲಿ.

ಆಧುನಿಕ ಟೈಮ್‌ಶೇರ್ ಹುಟ್ಟಿದ್ದು ಯೂರೋಪಿನ ಆಲ್ಪ್ಸ್ ತಪ್ಪಲಲ್ಲಿ. 1963ರಲ್ಲಿ ಸ್ವಿಟ್ಸರ್ಲೆಂಡಿನಲ್ಲಿ ಅಲೆಕ್ಸಾಂಡರ್ ನೆಟ್ಟೆ ಮತ್ತು ಗೈಡೋ ರೆಂಗ್ಲಿ ಎಂಬಿಬ್ಬರು ಹಪಿಮಾಗ್ ಎಂಬ ಕಂಪನಿ ಶುರು ಮಾಡಿದರು. ಜನ ಷೇರು ಕೊಳ್ಳಬೇಕು. ಆ ದುಡ್ಡಿನಿಂದ ಕಂಪನಿ ರಜೆಯ ಮನೆಗಳನ್ನು ಕೊಳ್ಳುತ್ತೆ. ಷೇರುದಾರರು ಸರದಿಯಂತೆ ಹೋಗಿ ಇರಬಹುದು. ಇಂಥದೇ ಮನೆ ನನ್ನದು ಅಂತ ಯಾರೂ ಹೇಳುವಂತಿಲ್ಲ, ಎಲ್ಲರೂ ಕಂಪನಿಯಲ್ಲಿ ಪಾಲುದಾರರು. ಅದೇ ದಶಕದಲ್ಲಿ ಫ್ರಾನ್ಸಿನ ಆಲ್ಪ್ಸ್‌ನ ಸೂಪರ್‌ದೆವೊಲೂಯಿ ಎಂಬ ಸ್ಕೀಯಿಂಗ್ ತಾಣದಲ್ಲಿ ಇನ್ನೊಂದು ಮಾದರಿ ಬಂತು. ಪ್ರತಿ ವರ್ಷ ರೂಮು ಬಾಡಿಗೆಗೆ ಹಿಡಿಯುವುದಕ್ಕಿಂತ ಹೋಟೆಲನ್ನೇ ಕೊಳ್ಳುವುದು ಅಗ್ಗ ಅನ್ನುವ ಧಾಟಿಯಲ್ಲಿ ಅಲ್ಲಿ ವಾರಗಳನ್ನು ಮಾರಿದರು. ಈ ಮಾತಿನ ಜಾಣತನ ಗಮನಿಸಿ. ಹೋಟೆಲು ಕಟ್ಟುವವನಿಗೆ ಎರಡು ತಲೆನೋವು: ಬಂಡವಾಳ ಎಲ್ಲಿಂದ ತರುವುದು, ಸೀಸನ್ ಮುಗಿದ ಮೇಲೆ ಖಾಲಿ ರೂಮುಗಳನ್ನು ಏನು ಮಾಡುವುದು. ವಾರಗಳನ್ನು ಮೊದಲೇ ಮಾರಿಬಿಟ್ಟರೆ ಎರಡೂ ಗಿರಾಕಿಯ ತಲೆ ಮೇಲೆ ಹೋಗುತ್ತವೆ.

ಅಮೆರಿಕದಲ್ಲಿ ಇದು ದೊಡ್ಡ ವ್ಯಾಪಾರವಾದದ್ದು ಕಷ್ಟಕಾಲದಲ್ಲಿ. 1973ರ ತೈಲ ಬಿಕ್ಕಟ್ಟಿನ ಹೊತ್ತಿಗೆ ಫ್ಲಾರಿಡಾದ ಕಡಲತೀರದಲ್ಲಿ ಫ್ಲ್ಯಾಟುಗಳು ವಿಪರೀತ ಎದ್ದಿದ್ದವು, ಕೊಳ್ಳುವವರಿರಲಿಲ್ಲ. ಇಡೀ ಫ್ಲ್ಯಾಟು ಮಾರಾಟವಾಗದಿದ್ದರೆ ವಾರ ವಾರ ಮಾರೋಣ ಅನ್ನುವ ಯೋಚನೆ ಆಗ ಬಿಲ್ಡರುಗಳ ಕೈ ಹಿಡಿಯಿತು. ಲೆಕ್ಕಕ್ಕೆ ಮಾತ್ರ ಒಂದು ಉದಾಹರಣೆ ಹೇಳ್ತೀನಿ. 20 ಲಕ್ಷದ ಫ್ಲ್ಯಾಟು ಅಂದುಕೊಳ್ಳಿ. ರಿಪೇರಿಗೆ ಎರಡು ವಾರ ಬಿಟ್ಟು ಮಿಕ್ಕ 50 ವಾರಗಳನ್ನು ಒಂದೊಂದು ಲಕ್ಷಕ್ಕೆ ಮಾರಿದರೆ 50 ಲಕ್ಷ. ನಡುವಿನ 30 ಲಕ್ಷ ಪೂರಾ ಲಾಭವಲ್ಲ. ಒಂದು ಫ್ಲ್ಯಾಟಿಗೆ 50 ಗಿರಾಕಿಗಳನ್ನು ಹಿಡಿಯಬೇಕು ನೋಡಿ. ಅವರಿಗೆ ಉಡುಗೊರೆ, ಊಟ, ಏಜೆಂಟರಿಗೆ ಕಮಿಷನ್ನು, ಜಾಹೀರಾತು, ಎಲ್ಲಾ ಅದರಲ್ಲೇ. ಈ ಖರ್ಚು ಮೊದಲನೇ ಮಾರಾಟದ ಬೆಲೆಯೊಳಗೆ ಸೇರಿಹೋಗಿರುತ್ತೆ. ಮರುಮಾರಾಟಕ್ಕೆ ನಿಂತವನಿಗೆ ಅದನ್ನು ಯಾರೂ ಕಟ್ಟಿಕೊಡಲ್ಲ. ಸೈಟಿನ ಬೆಲೆ ಏರುತ್ತಿರುವಾಗಲೂ ಟೈಮ್‌ಶೇರಿನ ಬೆಲೆ ಬೀಳುವುದಕ್ಕೆ ಒಂದು ದೊಡ್ಡ ಕಾರಣ ಇದೇ.

ಪ್ರತಿ ವರ್ಷ ಅದೇ ಜಾಗಕ್ಕೆ ಹೋಗಿ ಬೇಜಾರಾಗುತ್ತೆ ಅನ್ನುವ ದೂರಿಗೂ ಉತ್ತರ ಬಂತು. 1974ರಲ್ಲಿ ಜಾನ್ ಮತ್ತು ಕ್ರಿಸ್ಟೆಲ್ ಡಿಹಾನ್ ದಂಪತಿ ಇಂಡಿಯಾನಾಪೊಲಿಸ್‌ನಲ್ಲಿ ಆರ್‌ಸಿಐ ಎಂಬ ವಿನಿಮಯ ಸಂಸ್ಥೆ ಕಟ್ಟಿದರು. ನಿನ್ನ ವಾರ ನನಗೆ, ನನ್ನ ವಾರ ಇನ್ನೊಬ್ಬರಿಗೆ. 1984ರಲ್ಲಿ ಮ್ಯಾರಿಯಟ್, 1991ರಲ್ಲಿ ಡಿಸ್ನಿ ಈ ವ್ಯಾಪಾರಕ್ಕೆ ಇಳಿದ ಮೇಲೆ ಅದಕ್ಕೆ ಮರ್ಯಾದೆಯೂ ಬಂತು. ಡಿಸ್ನಿಯ ಮೊದಲ ರೆಸಾರ್ಟಿನ ಕರಾರುಗಳಿಗೆ 2042 ಅಂತ ಕೊನೆಯ ವರ್ಷವಿದೆ. ಅಮೆರಿಕದ ಇನ್ನೆಷ್ಟೋ ಟೈಮ್‌ಶೇರುಗಳು ಜಮೀನಿನ ಥರ ನೋಂದಣಿಯಾದವು. ಅವಕ್ಕೆ ಕೊನೆ ಅನ್ನುವುದೇ ಇಲ್ಲ, ನಿರ್ವಹಣಾ ಶುಲ್ಕಕ್ಕೂ ಇಲ್ಲ.

ಕೊನೆಯಿಲ್ಲದ ಕರಾರಿನ ತೊಂದರೆ ಮೊದಲ ತಲೆಮಾರಿಗೆ ಅಷ್ಟು ಗೊತ್ತಾಗಲಿಲ್ಲ. ಅವರು ರಜೆಗೆ ಹೋಗ್ತಿದ್ದರು, ಶುಲ್ಕ ಕಟ್ತಿದ್ದರು. ಅವರಿಗೆ ವಯಸ್ಸಾದಾಗ, ಮಕ್ಕಳ ಹೆಸರಿಗೆ ಬಿಲ್ಲು ಬರುವ ಹೊತ್ತಿಗೆ ಗಲಾಟೆ ಶುರುವಾಯಿತು. ಸ್ಪೇನಿನ ಕಡಲತೀರಗಳಲ್ಲಿ 1980ರ ದಶಕದಲ್ಲಿ ಬ್ರಿಟಿಷ್ ಪ್ರವಾಸಿಗರನ್ನು ಬೀದಿಯಲ್ಲೇ ಹಿಡಿದು ವಾರಗಳನ್ನು ಮಾರಿದ್ದರು. 1994ರಲ್ಲಿ ಯೂರೋಪಿಯನ್ ಒಕ್ಕೂಟ ನಿಯಮ ತಂದು, ಸಹಿ ಹಾಕಿದ ಮೇಲೂ 10 ದಿನದೊಳಗೆ ಹಿಂದೆ ಸರಿಯುವ ಹಕ್ಕು ಕೊಟ್ಟಿತು. 2008ರ ನಿಯಮ ಅದನ್ನು 14 ದಿನ ಮಾಡಿತು, ಮರುಮಾರಾಟ ಮಾಡಿಸಿಕೊಡ್ತೀವಿ ಅನ್ನುವ ದಲ್ಲಾಳಿಗಳು ಮಾರಾಟಕ್ಕೆ ಮುಂಚೆ ದುಡ್ಡು ಕೇಳುವುದನ್ನೂ ತಡೆಯಿತು. 1998ರ ಸ್ಪೇನಿನ ಕಾನೂನು ಕರಾರಿನ ಅವಧಿಗೆ 50 ವರ್ಷದ ಮಿತಿ ಹಾಕಿತು. 2015ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಆ ಕಾನೂನು ಬಂದ ಮೇಲೂ ಅವಧಿಯೇ ಇಲ್ಲದೆ ಮಾಡಿಕೊಂಡ ಕರಾರಿನ ವಿರುದ್ಧ ತೀರ್ಪು ಕೊಟ್ಟಿತು.

ಇನ್ನು ನಮ್ಮ ಕಥೆ. 1986ರಲ್ಲಿ ಮದ್ರಾಸಿನಲ್ಲಿ ಸ್ಟರ್ಲಿಂಗ್ ಹಾಲಿಡೇ ರೆಸಾರ್ಟ್ಸ್ ಶುರುವಾಯಿತು. ಊಟಿ, ಕೊಡೈಕೆನಾಲ್‌ಗಳ ಹೆಸರು ಟೈಮ್‌ಶೇರಿಗೆ ಅಂಟಿಕೊಂಡಿತು. 1996ರಲ್ಲಿ ಮಹೀಂದ್ರಾ ಹಾಲಿಡೇಸ್ ಬಂತು, ಮುನ್ನಾರಿನಿಂದ ಶುರುಮಾಡಿ ನಮ್ಮ ಕೊಡಗಿನವರೆಗೆ ಹರಡಿಕೊಂಡಿತು. ಅವರ ಸದಸ್ಯತ್ವ 25 ವರ್ಷದ್ದು. ಸೀಸನ್ನುಗಳಿಗೆ ನೇರಳೆ, ಕೆಂಪು, ಬಿಳಿ, ನೀಲಿ ಅಂತ ಬಣ್ಣ. ಬೇಸಿಗೆ ರಜೆ, ದಸರಾ, ಕ್ರಿಸ್‌ಮಸ್ ಬೇಕು ಅಂದ್ರೆ ದುಬಾರಿ ಬಣ್ಣ.

ಕೊಂಡವರು ಯಾರು? ಬ್ಯಾಂಕು, ಕಾರ್ಖಾನೆ, ಸರ್ಕಾರಿ ಕಚೇರಿಗಳಲ್ಲಿ ಎಲ್‌ಟಿಸಿ ಬರುತ್ತಿದ್ದ ನಮ್ಮ ಅಪ್ಪ ಅಮ್ಮಂದಿರ ತಲೆಮಾರು. ಪ್ರವಾಸ ಅಂದ್ರೆ ಧರ್ಮಸ್ಥಳ, ತಿರುಪತಿ, ಇಲ್ಲದಿದ್ದರೆ ನೆಂಟರ ಮನೆ ಅಂತಿದ್ದವರಿಗೆ, ಮಂಚದ ಮೇಲೆ ಬಿಳಿ ಚಾದರ ಹಾಸಿಟ್ಟ ರೂಮಿನಲ್ಲಿ ಹೆಂಡತಿ ಮಕ್ಕಳ ಜೊತೆ ಒಂದು ವಾರ ಇರುವುದು ದೊಡ್ಡ ಕನಸು. ತೇಗದ ಗಿಡಕ್ಕೆ ದುಡ್ಡು ಹಾಕಿ ಅಂತ ಕಂಪನಿಗಳು ಮನೆ ಬಾಗಿಲಿಗೆ ಬರುತ್ತಿದ್ದ ಕಾಲವೂ ಅದೇ. ಲಕ್ಕಿ ಡ್ರಾ ಫಾರಂ ತುಂಬಿದ ವಾರಕ್ಕೇ ಫೋನು: ನಿಮಗೆ ಬಹುಮಾನ ಬಂದಿದೆ, ದಂಪತಿ ಸಮೇತ ಹೋಟೆಲಿಗೆ ಬನ್ನಿ. ಮಾರುವವರು ಹೂಡಿಕೆಯ ಭಾಷೆಯಲ್ಲೇ ಮಾತಾಡಿದರು. ಇವತ್ತಿನ ಬೆಲೆಗೆ ನಾಳೆಯ ರಜೆ, ನಿಮ್ಮ ನಂತರ ಮಕ್ಕಳಿಗೆ.

ಆದರೆ ಕಂಪನಿಯ ಲೆಕ್ಕದ ಪುಸ್ತಕ ಬೇರೆ ಭಾಷೆ ಮಾತಾಡುತ್ತೆ. 2018ರ ಏಪ್ರಿಲ್‌ನಿಂದ ಇಂಡ್ ಎಎಸ್ 115 ಎಂಬ ಲೆಕ್ಕದ ಮಾನದಂಡ ಜಾರಿಗೆ ಬಂತು. ಅಲ್ಲಿಯವರೆಗೆ ಸದಸ್ಯತ್ವ ಶುಲ್ಕದ ದೊಡ್ಡ ಭಾಗವನ್ನು ಮೊದಲ ವರ್ಷವೇ ಆದಾಯ ಅಂತ ತೋರಿಸುವ ಪದ್ಧತಿ ಇತ್ತು. ಆಮೇಲೆ ಅದನ್ನು ಸದಸ್ಯತ್ವದ ಅಷ್ಟೂ ವರ್ಷಗಳಿಗೆ ಹರಡಬೇಕಾಯಿತು. ಯಾಕಂದ್ರೆ ಕಂಪನಿ ಮಾರಿದ್ದು ಕಟ್ಟಡದ ಪಾಲನ್ನಲ್ಲ. ವರ್ಷವರ್ಷವೂ ಒದಗಿಸಬೇಕಾದ ಸೇವೆಯ ಮಾತು ಕೊಟ್ಟಿದೆ ಅಷ್ಟೆ. ನಿಮ್ಮ ಬೀರುವಿನಲ್ಲಿರುವ ಕಾಗದವನ್ನೂ ಹಾಗೇ ಓದಬೇಕು. ಅದು ಮುಂಗಡ ದುಡ್ಡು ಕೊಟ್ಟ ಸೇವೆ. ವರ್ಷ ಕಳೆದಂತೆ ಸವೆಯುತ್ತೆ. 1998ರಲ್ಲಿ ಕೊಂಡ 25 ವರ್ಷದ ಸದಸ್ಯತ್ವ ಈಗಾಗಲೇ ಮುಗಿದಿರುತ್ತೆ. ಹಳೆಯ ಕರಾರುಗಳಲ್ಲಿ 99 ವರ್ಷದವೂ ಇವೆ, ಅವು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬಿಲ್ಲು ಕಳಿಸಬಲ್ಲವು. ಹಾಗಾಗಿ ಮೊದಲು ನೋಡಬೇಕಾದದ್ದು ಮೂರು: ಅವಧಿ ಎಷ್ಟು ಉಳಿದಿದೆ, ಶುಲ್ಕ ಎಷ್ಟು ಬಾಕಿ ಇದೆ, ವಾರಸುದಾರರ ಬಗ್ಗೆ ಕರಾರು ಏನು ಹೇಳುತ್ತೆ.

ಈಗ ಅಕ್ಕ, ತಮ್ಮ, ಭಾವನ ಮಾತಿಗೆ ಬರೋಣ.

ಇಟ್ಟುಕೊಳ್ಳುವುದಾದರೆ ಅಪ್ಪ ಕೊಟ್ಟ ಬೆಲೆಯನ್ನು ಲೆಕ್ಕದಿಂದ ತೆಗೆದುಬಿಡಿ, ಅದು ಖರ್ಚಾಗಿ ಹೋದ ದುಡ್ಡು. ಮುಂದೆ ಕಟ್ಟಬೇಕಾದದ್ದನ್ನು ಮಾತ್ರ ನೋಡಿ. ಶುಲ್ಕ, ತೆರಿಗೆ ಸೇರಿ ವರ್ಷಕ್ಕೆ 21,000 ಅಂದುಕೊಂಡರೆ ಏಳು ರಾತ್ರಿಗೆ ತಲಾ 3,000 ಬಿತ್ತು. ನೀವು ಹೋಗುವುದು ಎರಡು ವರ್ಷಕ್ಕೊಮ್ಮೆ, ಬಿಟ್ಟ ವಾರ ಮುಂದಕ್ಕೆ ಬರಲ್ಲ ಅಂದ್ರೆ ಅದು 6,000. ಅದೇ ಊರಲ್ಲಿ ಅದೇ ದಿನಗಳಿಗೆ ಅಂಥದೇ ರೂಮು ಎಷ್ಟಕ್ಕೆ ಸಿಗುತ್ತೆ ಅಂತ ಫೋನಿನಲ್ಲೇ ಹೋಲಿಸಬಹುದು. ಮಕ್ಕಳ ಶಾಲೆ ರಜೆ ಮೇ ತಿಂಗಳಲ್ಲಿ, ಅಪ್ಪನ ಸೀಸನ್ನು ಮಳೆಗಾಲದ್ದು ಅಂತಾದರೆ ಉತ್ತರ ಬೇಗ ಸಿಗುತ್ತೆ. ವರ್ಷಾ ವರ್ಷಾ ಹೋಗುವವರಿಗೆ, ಬೇಡಿಕೆಯ ಸೀಸನ್ ಇದ್ದವರಿಗೆ ಇಟ್ಟುಕೊಳ್ಳುವುದು ಲಾಭದ್ದೇ.

ಬಾಡಿಗೆಗೆ ಬಿಡುವ ಮುಂಚೆ ಕರಾರು ಓದಿ. ನಿಮ್ಮ ಬದಲು ನೆಂಟರನ್ನೋ ಸ್ನೇಹಿತರನ್ನೋ ಕಳಿಸಲು ಬಿಡುವ ಎಷ್ಟೋ ಕಡೆ ದುಡ್ಡಿಗೆ ಕೊಡುವುದಕ್ಕೆ ಅನುಮತಿ ಇರಲ್ಲ. ಇದ್ದರೂ, ನಿಮ್ಮ ಬಾಡಿಗೆಗೆ ಎದುರಾಳಿ ಅದೇ ರೆಸಾರ್ಟು. ಖಾಲಿ ರೂಮನ್ನು ಕೊನೇ ಗಳಿಗೆಯಲ್ಲಿ ರಿಯಾಯಿತಿಗೆ ಬಿಡುವ ಶಕ್ತಿ ಅದಕ್ಕಿದೆ, ನಿಮಗಿಲ್ಲ.

ಮಾರುವುದಾದರೆ ಬೆಲೆಯ ಆಸೆ ಕಮ್ಮಿ ಇರಲಿ. "ಗಿರಾಕಿ ರೆಡಿ ಇದ್ದಾರೆ ಸಾರ್, ವರ್ಗಾವಣೆ ಶುಲ್ಕ ಮುಂಚೆ ಕಟ್ಟಿ" ಅನ್ನುವ ಕರೆ ಬಂದರೆ ಅಲ್ಲೇ ನಿಲ್ಲಿಸಿ. ಯೂರೋಪಿನವರು ಕಾನೂನು ಮಾಡಿ ತಡೆದದ್ದು ಇದನ್ನೇ.

ಮನೆಯ ಚರ್ಚೆಯಲ್ಲಿ ಬಾರದ ನಾಲ್ಕನೇ ದಾರಿಯೂ ಇದೆ: ತೆಗೆದುಕೊಳ್ಳದೇ ಇರುವುದು. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 52ನೇ ಕಲಮಿನ ಪ್ರಕಾರ ತೀರಿಕೊಂಡವರ ಸಾಲಕ್ಕೆ ವಾರಸುದಾರರ ಹೊಣೆ, ಅವರಿಂದ ಕೈಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಆದರೆ ಸದಸ್ಯತ್ವವನ್ನು ನಿಮ್ಮ ಹೆಸರಿಗೆ ಬದಲಾಯಿಸಿಕೊಂಡ ಮೇಲೆ ನೀವೇ ಕರಾರಿನ ಪಕ್ಷಗಾರರು. ಆದ್ದರಿಂದ ತೀರ್ಮಾನ ಆಗುವವರೆಗೆ ಹೆಸರು ಬದಲಾವಣೆಯ ಫಾರಂಗೆ ಸಹಿ ಹಾಕಬೇಡಿ. ಬೇಡ ಅನ್ನುವುದಾದರೆ ಮರಣ ಪ್ರಮಾಣಪತ್ರದ ಜೊತೆ ಲಿಖಿತವಾಗಿ ತಿಳಿಸಿ. ಅಮೆರಿಕದಲ್ಲಿರುವ ನಮ್ಮವರು ಇನ್ನೂ ಹುಷಾರಾಗಿರಬೇಕು. ಅಲ್ಲಿನ ತೆರಿಗೆ ಕಾನೂನಿನಂತೆ ಆಸ್ತಿಯನ್ನು ನಿರಾಕರಿಸಲು ಸಾಮಾನ್ಯವಾಗಿ 9 ತಿಂಗಳ ಗಡುವು. ಅಷ್ಟರೊಳಗೆ "ಒಂದು ಸಲ ನೋಡ್ಕೊಂಡು ಬರೋಣ" ಅಂತ ಹೋಗಿ ಒಂದು ವಾರ ಇದ್ದು ಬಂದರೂ ಒಪ್ಪಿಕೊಂಡ ಹಾಗೆ ಆಗಬಹುದು.

ಕಂಪನಿ ಮಾತು ತಪ್ಪಿದ್ದರೆ, ಅಂದರೆ ಅಪ್ಪ ವರ್ಷಗಟ್ಟಲೆ ಶುಲ್ಕ ಕಟ್ಟಿಯೂ ರೂಮು ಸಿಗದೆ ಪತ್ರ ಬರೆದಿದ್ದರೆ, ಆ ಪತ್ರಗಳನ್ನು ಎಸೆಯಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ತೀರಿಕೊಂಡ ಗ್ರಾಹಕರ ವಾರಸುದಾರರೂ ದೂರು ಕೊಡಬಹುದು, ಅದೂ ತಾವು ವಾಸವಿರುವ ಊರಿನಲ್ಲೇ. ಒಂದು ಕಡೆಗೇ ವಾಲಿದ ಅನ್ಯಾಯದ ಕರಾರನ್ನು ಪ್ರಶ್ನಿಸಲೂ ಆ ಕಾಯಿದೆ ಜಾಗ ಮಾಡಿಕೊಟ್ಟಿದೆ.

ಉಳಿಯುವುದು ಅಕ್ಕನ ಮಾತು. ಅಪ್ಪ ಆಸೆಪಟ್ಟು ತಗೊಂಡಿದ್ದು ನಿಜ. ಅವರು ಆಸೆಪಟ್ಟದ್ದು ಮಕ್ಕಳನ್ನು ಬೆಟ್ಟದ ಮೇಲೆ ಕರೆದುಕೊಂಡು ಹೋಗುವುದಕ್ಕೆ. ಹೋಗಿದ್ದರೆ ಅದು ಆಗಲೇ ನಿಮಗೆ ಸಂದಿದೆ, ಫೋಟೋ ಆಲ್ಬಮ್ಮಿನಲ್ಲಿ ಸ್ವೆಟರ್ ಹಾಕಿಕೊಂಡು ನಿಂತವರು ನೀವೇ. ಹೋಗಲು ಆಗಿರದಿದ್ದರೆ, ಅವರ ಹೆಸರಿನಲ್ಲಿ ಇನ್ನೂ ಹದಿನೈದು ವರ್ಷ ಶುಲ್ಕ ಕಟ್ಟುವುದರಿಂದ ಅದು ತುಂಬಿಬರಲ್ಲ. ಪಿತ್ರಾರ್ಜಿತ ಕಳೆದವರು ಅನ್ನಿಸಿಕೊಳ್ಳುವ ಹೆದರಿಕೆ ಗದ್ದೆ ತೋಟಕ್ಕೆ ಸರಿ. ಅವಧಿ ಮುಗಿಯುವ ಸೇವೆಗೆ ಅದು ಅನ್ವಯಿಸಲ್ಲ. ಮುಂದಿನ ಬಿಲ್ಲಿನ ಗಡುವಿಗೆ ಮುಂಚೆ ಒಂದು ಭಾನುವಾರ ಅಕ್ಕ, ತಮ್ಮ, ಭಾವ ಎಲ್ಲ ಒಟ್ಟಿಗೆ ಕೂತು ಆ ಫೈಲಿನ ಸಣ್ಣ ಅಕ್ಷರಗಳನ್ನು ಪೂರ್ತಿ ಓದಿ. ನಿಮ್ಮ ಮನೆಯಲ್ಲಿ ಅದನ್ನು ಓದುತ್ತಿರುವ ಮೊದಲಿಗರು ನೀವೇ ಆಗಿರಬಹುದು.