ದೂರದ ಸರ್ವರ್‌ನಿಂದ ಪ್ರೋಗ್ರಾಂ ಮೂಲಕ ಕಡತಗಳ ಡೌನ್‌ಲೋಡ್: ಸಾರ್ವಜನಿಕರಿಗೆ ಮಾಹಿತಿ

ಅರ್ಜಿ ನಮೂನೆ, ಸುತ್ತೋಲೆ ಹಾಗೂ ಪಟ್ಟಿಗಳ ಕಡತಗಳನ್ನು ಒಂದೊಂದಾಗಿ ತೆರೆದು ಉಳಿಸಿಕೊಳ್ಳುವ ಬದಲು ಪ್ರೋಗ್ರಾಂ ಮೂಲಕ ಒಟ್ಟಿಗೆ ಪಡೆಯಬಹುದಾಗಿದೆ. ಆದರೆ ಪಟ್ಟಿಯ ಕಡತವು ಅರ್ಧಕ್ಕೆ ನಿಂತಿದ್ದಲ್ಲಿ ಕೊನೆಯ ಹೆಸರುಗಳು ಕಾಣಿಸುವುದಿಲ್ಲ. ಅರ್ಹರು ತಮ್ಮ ಹೆಸರು ಇಲ್ಲವೆಂದೇ ಭಾವಿಸುವ ಸಂಭವವಿರುತ್ತದೆ. ಆದ್ದರಿಂದ ಈ ಕೆಳಕಂಡ ಅಂಶಗಳನ್ನು ಗಮನಿಸುವುದು.

1. ವಿಧಾನ: 1985ರಲ್ಲಿ ನಿಗದಿಯಾದ ಎಫ್‌ಟಿಪಿ ವಿಧಾನದಲ್ಲಿ ಗುಪ್ತಪದವು ಗೂಢಲಿಪಿಯಿಲ್ಲದೆ ರವಾನೆಯಾಗುತ್ತದೆ. ಕ್ರೋಮ್ ಮತ್ತು ಫೈರ್‌ಫಾಕ್ಸ್ ಬ್ರೌಸರ್‌ಗಳು 2021ರಲ್ಲಿ ಇದನ್ನು ಕೈಬಿಟ್ಟಿವೆ. ಎಚ್‌ಟಿಟಿಪಿಎಸ್ ವಿಳಾಸವನ್ನೇ ಬಳಸುವುದು ಸೂಕ್ತ.

2. ಸಾಧನಗಳು: ಡಬ್ಲ್ಯೂಗೆಟ್ (1996), ಕರ್ಲ್ (1998) ಹಾಗೂ ಪೈಥಾನ್ ಭಾಷೆಯ ಯುಆರ್‌ಎಲ್‌ಲಿಬ್ ಉಚಿತವಾಗಿ ಲಭ್ಯವಿವೆ.

3. ಸರ್ವರ್‌ನ ಉತ್ತರ ಸಂಖ್ಯೆ: 200 ಎಂದರೆ ಕೋರಿಕೆ ಯಶಸ್ವಿ, 404 ಎಂದರೆ ಸದರಿ ವಿಳಾಸದಲ್ಲಿ ಕಡತವಿಲ್ಲ, 429 ಎಂದರೆ ಕೋರಿಕೆಗಳು ಮಿತಿಮೀರಿವೆ, 503 ಎಂದರೆ ಸೇವೆ ತಾತ್ಕಾಲಿಕವಾಗಿ ಲಭ್ಯವಿಲ್ಲ. ಪ್ರೋಗ್ರಾಂ ಈ ಸಂಖ್ಯೆಯನ್ನು ನೋಡದಿದ್ದಲ್ಲಿ ದೋಷದ ಸಂದೇಶವೇ ಅರ್ಜಿ ನಮೂನೆಯ ಹೆಸರಿನಲ್ಲಿ ಉಳಿಯಬಹುದು.

4. ಸಂಪರ್ಕ ಕಡಿದಲ್ಲಿ: ಉಳಿದ ಭಾಗವನ್ನಷ್ಟೇ ಕೋರಬಹುದು. ಡಬ್ಲ್ಯೂಗೆಟ್‌ನಲ್ಲಿ ಇದಕ್ಕಾಗಿ ‘-ಸಿ’ (ಇಂಗ್ಲಿಷಿನ ಸಣ್ಣಕ್ಷರ) ಆಯ್ಕೆಯಿದೆ. ಸ್ವಂತ ಪ್ರೋಗ್ರಾಂ ಬರೆಯುವವರು ಉತ್ತರ 206 ಇದ್ದರೆ ಮಾತ್ರ ಹಳೆಯ ಭಾಗಕ್ಕೆ ಸೇರಿಸತಕ್ಕದ್ದು. 200 ಬಂದಲ್ಲಿ ಸರ್ವರ್ ಇಡೀ ಕಡತವನ್ನು ಮೊದಲಿನಿಂದ ಕಳುಹಿಸುತ್ತಿದೆ ಎಂದರ್ಥ. ಆಗ ಹಳೆಯ ಭಾಗವನ್ನು ಅಳಿಸತಕ್ಕದ್ದು.

5. ತಾಳೆ ನೋಡುವುದು: ಸರ್ವರ್ ತಿಳಿಸಿದ ಗಾತ್ರಕ್ಕೂ ಬಂದ ಗಾತ್ರಕ್ಕೂ ಹೋಲಿಸಿ ನೋಡುವುದು. ಪಿಡಿಎಫ್ ಕಡತವು ಸಾಮಾನ್ಯವಾಗಿ ‘%ಪಿಡಿಎಫ್’ ಎಂಬ ಗುರುತಿನಿಂದ (ಇಂಗ್ಲಿಷ್ ಅಕ್ಷರಗಳಲ್ಲಿ) ಆರಂಭವಾಗುತ್ತದೆ. ಎಸ್‌ಎಚ್‌ಎ-256 ಮೊತ್ತ ಪ್ರಕಟವಾಗಿದ್ದಲ್ಲಿ ಅದರ 64 ಅಕ್ಷರಗಳೂ ಹೊಂದಿಕೆಯಾಗಬೇಕು.

6. ಮಿತಿ: ಒಂದು ಕಡತಕ್ಕೂ ಮತ್ತೊಂದಕ್ಕೂ ನಡುವೆ ಕೆಲವು ಸೆಕೆಂಡುಗಳ ಬಿಡುವು ನೀಡುವುದು. ಏಕಕಾಲಕ್ಕೆ ನೂರಾರು ಕೋರಿಕೆಗಳನ್ನು ಕಳುಹಿಸಿದಲ್ಲಿ ಇತರ ಅರ್ಜಿದಾರರಿಗೆ ಸೇವೆ ದೊರೆಯದೆ ಹೋಗಬಹುದು. ಅನುಮತಿಯಿಲ್ಲದೆ ದತ್ತಾಂಶವನ್ನು ಡೌನ್‌ಲೋಡ್ ಮಾಡುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಪ್ರಕರಣ 43ರ ವ್ಯಾಪ್ತಿಗೆ ಬರುತ್ತದೆ. ಅಪ್ರಾಮಾಣಿಕ ಅಥವಾ ವಂಚನೆಯ ಉದ್ದೇಶವಿದ್ದಲ್ಲಿ ಪ್ರಕರಣ 66ರನ್ವಯ 3 ವರ್ಷಗಳವರೆಗೆ ಕಾರಾವಾಸ, 5 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಸಾರ್ವಜನಿಕರಿಗೆಂದು ಪ್ರಕಟಿಸಿದ ಕಡತಗಳನ್ನು ಮಾತ್ರ ಪಡೆದು, ಮೇಲ್ಕಂಡಂತೆ ಪರಿಶೀಲಿಸಿದ ನಂತರವೇ ಅರ್ಜಿಗೆ ಬಳಸಲು ಕೋರಲಾಗಿದೆ.