ಫ್ರೀ ಕೊಟ್ಟು ದೊಡ್ಡದಾದ ಪೋಸ್ಟ್‌ಮನ್ | ಭಾಗ 4

ಗುಂಡ್ಲುಪೇಟೆ ಸಂತೇಲಿ ಕಲ್ಲಂಗಡಿ ಚೌಕಾಸಿಗೆ ನಿಂತ್ರೆ ಮೊದಲು ಒಂದು ಚೂರು ಕುಯ್ದು ಕೈಗಿಡ್ತಾರೆ. "ತಿಂದು ನೋಡಿ ಸಾ, ಆಮೇಲೆ ರೇಟು."

ಸಾಫ್ಟ್‌ವೇರ್ ಲೋಕದಲ್ಲಿ ಇದರ ಹತ್ತಿರದ ನೆಂಟನ ಹೆಸರು ಪ್ರಾಡಕ್ಟ್ ಲೆಡ್ ಗ್ರೋತ್. ಸೇಲ್ಸ್‌ನವರು ಬಾಗಿಲು ತಟ್ಟಲ್ಲ, ಪ್ರಾಡಕ್ಟೇ ತನ್ನನ್ನ ಮಾರ್ಕೊಳ್ಳುತ್ತೆ. 2016ರಲ್ಲಿ ಓಪನ್‌ವ್ಯೂ ಅನ್ನೋ ಅಮೆರಿಕದ ಹೂಡಿಕೆ ಸಂಸ್ಥೆ ಈ ಹೆಸರನ್ನ ಚಾಲ್ತಿಗೆ ತಂತು. ಅದಕ್ಕೂ 4 ವರ್ಷ ಮೊದಲೇ ಈ ದಾರಿ ಹಿಡಿದ ಟೂಲ್ ಒಂದಿದೆ. ನಮ್ಮ ಲ್ಯಾಬ್ ಕಂಪ್ಯೂಟರಲ್ಲೂ ಇದೆ: ಪೋಸ್ಟ್‌ಮನ್.

👉 2012: ಟೀ ಅಂಗಡೀಲಿ ನೀವು ಫೋನಲ್ಲಿ ದುಡ್ಡು ಕಟ್ಟಿದಾಗ ಆ್ಯಪ್, ಬ್ಯಾಂಕ್ ಎರಡೂ ಮಾತಾಡ್ಕೊಳ್ಳುತ್ತವಲ್ಲ, ಆ ದಾರಿಯೇ ಎಪಿಐ. ಅದನ್ನ ಟೆಸ್ಟ್ ಮಾಡೋದು ತಲೆನೋವಿನ ಕೆಲಸ. ಅಭಿನವ್ ಅಸ್ಥಾನಾ ತಮ್ಮ ತಲೆನೋವಿಗೆ ತಾವೇ ಒಂದು ಟೂಲ್ ಮಾಡಿ ಕ್ರೋಮ್ ವೆಬ್ ಸ್ಟೋರಲ್ಲಿ ಫ್ರೀಯಾಗಿ ಬಿಟ್ರು.

👉 2014: ಅಂಕಿತ್ ಸೋಬ್ತಿ, ಅಭಿಜಿತ್ ಕಾಣೆ ಜೊತೆ ಸೇರಿ ಬೆಂಗಳೂರಲ್ಲಿ ಕಂಪನಿ ಶುರುವಾಯ್ತು.

👉 2021: ಕಂಪನಿಯ ಬೆಲೆ 560 ಕೋಟಿ ಡಾಲರ್. ಅಷ್ಟರಲ್ಲಿ 1.7 ಕೋಟಿಗೂ ಹೆಚ್ಚು ಜನ ಬಳಸ್ತಿದ್ರು ಅಂತ ಕಂಪನಿಯೇ ಹೇಳಿತ್ತು.

ಹಾಗಾದ್ರೆ ದುಡ್ಡು ಎಲ್ಲಿಂದ ಬಂತು? ಇಲ್ಲೇ ಗಮನ ಕೊಡಿ. ಇವರು ಕೊಟ್ಟಿದ್ದು ಚೂರಲ್ಲ, ಒಬ್ಬರಿಗೆ ಸಾಕಾಗುವಷ್ಟು ಪೂರ್ತಿ ಹಣ್ಣು. ಇಡೀ ಟೀಮ್ ಒಟ್ಟಿಗೆ ಕೂತು ತಿನ್ನೋಕೆ ಬಂದಾಗ ಬಿಲ್ಲು. ನಮಗೆ ಸೀನಿಯರ್ಸ್ ಹೇಳ್ಕೊಟ್ರು, ನಾವು ಜೂನಿಯರ್ಸ್‌ಗೆ ಹೇಳ್ಕೊಡ್ತೀವಿ, ನಾಳೆ ಕೆಲಸಕ್ಕೆ ಸೇರಿದ ಕಡೆಗೂ ಹೊತ್ಕೊಂಡು ಹೋಗ್ತೀವಿ. ಸಂಬಳ ಇಲ್ಲದ ಸೇಲ್ಸ್‌ಮನ್ ನಾವೇ!

ಫ್ರೀಗೂ ಒಂದು ಲೆಕ್ಕ ಇರುತ್ತೆ. 2023ರಲ್ಲಿ, ಅಕೌಂಟ್ ಇಲ್ಲದೆ ಕೆಲಸ ಮಾಡೋ ಸ್ಕ್ರ್ಯಾಚ್ ಪ್ಯಾಡ್ ಸೌಲಭ್ಯವನ್ನ ಪೋಸ್ಟ್‌ಮನ್ ತೆಗೆದುಹಾಕ್ತು. ಎಷ್ಟೋ ಡೆವಲಪರ್‌ಗಳು ಸಿಟ್ಟಾಗಿ ಬೇರೆ ಟೂಲ್ ಹುಡುಕಿದ್ರು. ಕೊಟ್ಟಿದ್ದನ್ನ ವಾಪಸ್ ಕಿತ್ಕೊಂಡ್ರೆ, ಮೊದಲೇ ಕೊಡದೇ ಇದ್ದಿದ್ದಕ್ಕಿಂತ ಜಾಸ್ತಿ ಉರಿಯುತ್ತೆ.

ಈ ಕಥೆ ಈಗ ಯಾಕೆ ಅಂದ್ರೆ, ನಮ್ಮ ಕ್ಲಾಸಲ್ಲೇ ಒಬ್ಬ ತನ್ನೂರಿನ ಹಾಲಿನ ಡೈರಿಗೆ ಲೆಕ್ಕದ ಆ್ಯಪ್ ಮಾಡಿದ್ದಾನೆ. ಗುಂಡ್ಲುಪೇಟೆ ಹತ್ತಿರದ ಹಳ್ಳಿ. ತೆರೆದ ತಕ್ಷಣ ತಿಂಗಳಿಗೆ 99 ರೂಪಾಯಿ ಕೇಳುತ್ತೆ. ಆ ಸ್ಕ್ರೀನ್ ದಾಟಿ ಒಬ್ಬರೂ ಒಳಗೆ ಹೋಗಿಲ್ಲ. "ನಮ್ಮ ಜನಕ್ಕೆ ಟೆಕ್ನಾಲಜಿ ಬೇಡ ಬಿಡೋ" ಅಂತ ಅವನು ಕೈಚೆಲ್ಲಿ ಕೂತಿದ್ದಾನೆ.

ಜನಕ್ಕೆ ಬೇಡ ಅಂತಲ್ಲ ಮಾರಾಯ, ಗೇಟು ತಪ್ಪು ಜಾಗದಲ್ಲಿದೆ. ತಾನು ಹಾಕಿದ ಹಾಲಿನ ಲೆಕ್ಕ ನೋಡೋದು ರೈತರಿಗೆ ಯಾವತ್ತೂ ಫ್ರೀ ಇರಲಿ. ಇಡೀ ಊರಿನ ಬಟವಾಡೆ ಪಟ್ಟಿ ಒಂದೇ ಸಲ ಬೇಕು ಅಂದಾಗ ಡೈರಿ ದುಡ್ಡು ಕೊಡಲಿ. ಮೊದಲು ಒಬ್ಬರ ಕಷ್ಟ ಪೂರ್ತಿ ತೀರಲಿ.

ನೀವಾಗಿದ್ರೆ ಗೇಟು ಎಲ್ಲಿ ಇಡ್ತಿದ್ರಿ? ಕಾಮೆಂಟಲ್ಲಿ ಬರೀರಿ, ಅವನೂ ಓದ್ತಾನೆ. 👇

#ಚಾಮರಾಜನಗರ #ಗುಂಡ್ಲುಪೇಟೆ #ಕನ್ನಡದಲ್ಲಿ_ಟೆಕ್ #ಸಾಫ್ಟ್‌ವೇರ್_ಚರಿತ್ರೆ