ಮಹಾಮಾರಿ ಕಾಲದಲ್ಲಿ ಆಸ್ಪತ್ರೆ ಫಾರ್ಮಾಸಿಸ್ಟ್: ಬದಲಾದ ಹೊಣೆ

ವೈದ್ಯರ ಚೀಟಿ ನೋಡಿ ಕಿಟಕಿಯಾಚೆಯಿಂದ ಮಾತ್ರೆ ಎಣಿಸಿ ಕೊಡುವವರು. ಆಸ್ಪತ್ರೆಯ ಫಾರ್ಮಾಸಿಸ್ಟ್ ಕುರಿತು ಜನಸಾಮಾನ್ಯರಲ್ಲಿರುವ ಕಲ್ಪನೆ ಬಹುತೇಕ ಇಷ್ಟೇ. ಹಳೆಯ ತಲೆಮಾರಿಗೆ ಅವರು ಇಂದಿಗೂ 'ಕಾಂಪೌಂಡರ್'. 2020-21ರ ಕೋವಿಡ್ ಈ ಕಲ್ಪನೆಯನ್ನು ತಿದ್ದಿತು. ಔಷಧ ಸಾಲದೆ ಬಂದಾಗ, ಇದ್ದುದನ್ನು ಲೆಕ್ಕ ತಪ್ಪದಂತೆ, ಪ್ರಮಾಣ ತಪ್ಪದಂತೆ ರೋಗಿಗೆ ತಲುಪಿಸುವುದೇ ಅವರ ಮುಖ್ಯ ಹೊಣೆಯಾಯಿತು.

ಬದಲಾಗುತ್ತಲೇ ಇದ್ದ ಪಟ್ಟಿ

ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚ್ 11ರಂದು ಕೋವಿಡ್ ಅನ್ನು ಜಾಗತಿಕ ಪಿಡುಗೆಂದು ಸಾರಿದ ಕೆಲವೇ ದಿನಗಳಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಗೆ ಜನ ಮುಗಿಬಿದ್ದರು. ಕೇಂದ್ರ ಸರ್ಕಾರವು ಅದರ ಚಿಲ್ಲರೆ ಮಾರಾಟವನ್ನು ಎಚ್-1 ಅನುಸೂಚಿಯ ನಿಯಮಕ್ಕೆ ಒಳಪಡಿಸಿತು. ಇದರನ್ವಯ ವೈದ್ಯರ ಹಾಗೂ ರೋಗಿಯ ಹೆಸರು, ಔಷಧ, ಪ್ರಮಾಣಗಳನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಇದೇ ಮಾತ್ರೆಯನ್ನು ನಿತ್ಯ ನುಂಗುವ ಲೂಪಸ್ ಹಾಗೂ ಸಂಧಿವಾತದ ರೋಗಿಗಳಿಗೆ ದಾಸ್ತಾನು ಉಳಿಸಿಕೊಳ್ಳುವುದೂ ಅಗತ್ಯವಾಗಿತ್ತು.

2020ರ ಜೂನ್‌ನಲ್ಲಿ ಬ್ರಿಟನ್ನಿನ 'ರಿಕವರಿ' ಪ್ರಯೋಗದ ಫಲಿತಾಂಶ ಹೊರಬಂತು. ಅಗ್ಗದ, ಹಳೆಯ ಔಷಧ ಡೆಕ್ಸಾಮೆಥಾಸೋನ್ ದಿನಕ್ಕೆ 6 ಮಿ.ಗ್ರಾಂ. ನೀಡಿದಾಗ ವೆಂಟಿಲೇಟರ್‌ನಲ್ಲಿದ್ದವರ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗಿತ್ತು. ಆಮ್ಲಜನಕದ ಅಗತ್ಯವಿಲ್ಲದವರಿಗೆ ಪ್ರಯೋಜನ ಕಾಣಲಿಲ್ಲ. ಹೀಗೆ ಮಾರ್ಗಸೂಚಿ ಬದಲಾದಂತೆಲ್ಲ ಖರೀದಿ ಪಟ್ಟಿಯನ್ನೂ ಬದಲಿಸಬೇಕಾಯಿತು.

ವಯಲ್‌ಗಳ ಲೆಕ್ಕ

2021ರ ಏಪ್ರಿಲ್‌ನಲ್ಲಿ ಎರಡನೇ ಅಲೆ ಏರಿದಾಗ ರೆಮ್‌ಡೆಸಿವಿರ್ ಕೊರತೆ ತೀವ್ರವಾಯಿತು. ಮೊದಲ ದಿನ 200 ಮಿ.ಗ್ರಾಂ., ಬಳಿಕ ನಾಲ್ಕು ದಿನ ತಲಾ 100 ಮಿ.ಗ್ರಾಂ.; ಅಂದರೆ ಒಬ್ಬ ರೋಗಿಗೆ 100 ಮಿ.ಗ್ರಾಂ.ನ ಆರು ವಯಲ್ ಬೇಕು. ಇದನ್ನು ಬಳಸದಂತೆ ವಿಶ್ವ ಆರೋಗ್ಯ ಸಂಸ್ಥೆಯು 2020ರ ನವೆಂಬರ್‌ನಲ್ಲೇ ಸಲಹೆ ನೀಡಿದ್ದರೂ ಬೇಡಿಕೆ ಕುಗ್ಗಲಿಲ್ಲ. ಕರ್ನಾಟಕದಲ್ಲಿ ತಮ್ಮ ಹೆಸರಿಗೆ ಔಷಧ ಹಂಚಿಕೆಯಾಗಿದೆಯೇ ಎಂಬುದನ್ನು ರೋಗಿಗಳೇ ಎಸ್‌ಆರ್‌ಎಫ್ ಸಂಖ್ಯೆಯ ಮೂಲಕ ತಿಳಿಯುವ ವ್ಯವಸ್ಥೆ 2021ರ ಮೇನಲ್ಲಿ ಬಂದಿತು. ಆದ್ದರಿಂದ ಆಸ್ಪತ್ರೆಯು ಪ್ರತಿ ವಯಲ್‌ಗೂ ಉತ್ತರ ಹೇಳಬೇಕಿತ್ತು. ಖಾಲಿ ವಯಲ್‌ಗೆ ಬೇರೆ ದ್ರಾವಣ ತುಂಬಿ ಮಾರಿದ ಪ್ರಕರಣಗಳು ಮೈಸೂರು ಸೇರಿದಂತೆ ಹಲವೆಡೆ ಬಯಲಾದವು. ಹೀಗಾಗಿ ಬಳಸಿದ ವಯಲ್‌ಗಳನ್ನು ಎಣಿಸಿ ನಾಶಪಡಿಸುವುದೂ ಮುಖ್ಯವೆನಿಸಿತು.

ಹೆಸರು ಒಂದೇ, ಪ್ರಮಾಣ ಬೇರೆ

ಅದರ ಬೆನ್ನಲ್ಲೇ ಕಪ್ಪು ಶಿಲೀಂಧ್ರ ರೋಗ ಹಬ್ಬಿತು. ಅದಕ್ಕೆ ಬೇಕಾದ ಲಿಪೋಸೋಮಲ್ ಆಂಫೊಟೆರಿಸಿನ್-ಬಿ ಪ್ರಮಾಣ ದಿನಕ್ಕೆ ದೇಹತೂಕದ ಕಿಲೋಗೆ ಸಾಮಾನ್ಯವಾಗಿ 5 ಮಿ.ಗ್ರಾಂ. ಅರವತ್ತು ಕಿಲೋ ತೂಕದವರಿಗೆ ದಿನಕ್ಕೆ 300 ಮಿ.ಗ್ರಾಂ., ಅಂದರೆ 50 ಮಿ.ಗ್ರಾಂ.ನ ಆರು ವಯಲ್; ಅದೂ ವಾರಗಟ್ಟಲೆ. ಇದು ಸಿಗದಾಗ ಹಳೆಯ ಸಾದಾ ಆಂಫೊಟೆರಿಸಿನ್ ಬಳಸಲಾಯಿತು. ಅದರ ಪ್ರಮಾಣ ಕಿಲೋಗೆ 1.5 ಮಿ.ಗ್ರಾಂ. ಮೀರುವಂತಿಲ್ಲ. ಎರಡನ್ನೂ ಒಂದೇ ಎಂದು ಬಗೆದು 5 ಮಿ.ಗ್ರಾಂ. ಕೊಟ್ಟರೆ ಪ್ರಾಣಕ್ಕೇ ಅಪಾಯ. ಮಿಶ್ರಣದಲ್ಲೂ ಎಚ್ಚರ ಬೇಕು: ರೆಮ್‌ಡೆಸಿವಿರ್ ಅನ್ನು ಸಲೈನ್‌ನಲ್ಲಿ ಬೆರೆಸಬಹುದು, ಆಂಫೊಟೆರಿಸಿನ್‌ಗೆ ಸಲೈನ್ ಸೋಕಬಾರದು, ಡೆಕ್ಸ್‌ಟ್ರೋಸ್ ದ್ರಾವಣವೇ ಆಗಬೇಕು.

ಇಂಥ ತಪ್ಪು ವಾರ್ಡಿಗೆ ತಲುಪುವ ಮೊದಲೇ ತಡೆಯಬಲ್ಲವರು ಫಾರ್ಮಾಸಿಸ್ಟ್. 1948ರ ಫಾರ್ಮಸಿ ಕಾಯ್ದೆಯಡಿ ನೋಂದಾಯಿತರಾದವರೇ ಔಷಧ ವಿತರಿಸಬೇಕೆಂಬ ನಿಯಮದ ಹಿಂದಿರುವ ಉದ್ದೇಶವೂ ಇದೇ. ಮುಂದಿನ ಪಿಡುಗಿಗೆ ಸಿದ್ಧತೆ ನಡೆಸುವ ಆಸ್ಪತ್ರೆಗಳು ಹಾಸಿಗೆ, ಆಮ್ಲಜನಕಗಳ ಜತೆಗೆ ಔಷಧಾಲಯದ ಸಿಬ್ಬಂದಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅವಶ್ಯ.